ಮೊಬೈಲಿನಲ್ಲಿ ಕಲಿಯುವ ಕಸುಬು: ಹಣ ಕಟ್ಟುವ ಮೊದಲು



ಓದು ಮುಗಿಸಿದ ಮಗನೋ ಮಗಳೋ ಮನೆಯಲ್ಲಿದ್ದರೆ, ಮನೆಯಲ್ಲೇ ಕುಳಿತು ಡ್ರೋನ್ ಹಾರಿಸುವ ಪ್ರಮಾಣಪತ್ರ ಪಡೆಯಬಹುದೆಂಬಂಥ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿದ್ದೀತು. ಈ ಕೆಲಸ ಬೆಳೆಯುತ್ತಿರುವುದು ನಿಜ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ‘ಮನೆಯಲ್ಲೇ ಕುಳಿತು’ ಎಂಬ ಮಾತನ್ನು ನಂಬಬೇಡಿ. 2021ರ ಡ್ರೋನ್ ನಿಯಮಗಳ ಪ್ರಕಾರ, ಔಷಧ ಸಿಂಪಡಿಸುವ ಡ್ರೋನ್ ನಡೆಸಬೇಕಾದರೆ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆಯುಳ್ಳ ಸಂಸ್ಥೆಗೆ ಹೋಗಿ, ಹಾರಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ವಯಸ್ಸು 18ರಿಂದ 65ರೊಳಗಿದ್ದು, ಹತ್ತನೇ ತರಗತಿ ಪಾಸಾಗಿರಬೇಕು.

ಹಾಗೆಂದು ಆನ್‌ಲೈನ್ ಕಲಿಕೆಯನ್ನೇ ತಳ್ಳಿಹಾಕಬೇಡಿ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸ್ವಯಂ’ನಲ್ಲಿ ಪಾಠ ಉಚಿತ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಬರೆಯಬೇಕು. ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಹೆಚ್ಚಬೇಕೆಂಬುದನ್ನು ನಮ್ಮ ವಿಶ್ವವಿದ್ಯಾಲಯಗಳು ಕಿವಿಗೆ ಹಾಕಿಕೊಳ್ಳಲಿ.

ದೂರದೂರಿನ ನೌಕರಿಯ ಹೆಸರು ಕೇಳಿ ಮರುಳಾಗುವ ಬದಲು ನಮ್ಮ ಸುತ್ತ ಏನು ಬೇಕಾಗಿದೆ ನೋಡಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಬಣ್ಣ ತೆಗೆಯುವ ಕಾರ್ಖಾನೆಯವರು ಅದನ್ನು ಕಣ್ಣಳತೆಗೆ ಬಿಡದೆ ಯಂತ್ರದಲ್ಲಿ ಅಳೆಯುತ್ತಾರೆ. ರಫ್ತಿನ ಕಾಯಿಗೆ ಬೂಸ್ಟಿನಿಂದಾಗುವ ಅಫ್ಲಾಟಾಕ್ಸಿನ್ ವಿಷದ ಪರೀಕ್ಷೆಯೂ ಉಂಟು. ಕಾಯಿ ಬೆಳೆದವರ ಮಕ್ಕಳೇ ಈ ಪರೀಕ್ಷೆ ಮಾಡುವವರು ಏಕಾಗಬಾರದು?

ರಾಣೆಬೆನ್ನೂರಿನ ಸುತ್ತಲಿನ ಹೈಬ್ರಿಡ್ ಬೀಜೋತ್ಪಾದನೆಯನ್ನೇ ತೆಗೆದುಕೊಳ್ಳಿ. ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ನಮ್ಮ ಹೆಣ್ಣುಮಕ್ಕಳ ಕೈಚಳಕ ಯಾವ ವಿಡಿಯೋ ನೋಡಿದರೂ ಬರದು. ಅವರು ಹೊಸದಾಗಿ ಕಲಿಯಬೇಕಾದದ್ದು ತಳಿಶುದ್ಧತೆಯ ನಿಯಮ, ಮೊಳಕೆ ಪರೀಕ್ಷೆಯ ಲೆಕ್ಕ, ದಾಖಲೆ ಬರೆಯುವ ಕ್ರಮ. ಅಷ್ಟನ್ನು ಮೊಬೈಲಿನಲ್ಲಿ ಧಾರಾಳವಾಗಿ ಕಲಿಯಬಹುದು. ವರ್ಷಗಟ್ಟಲೆ ಕೂಲಿಗೆ ಹೋದವಳು ಮೇಲ್ವಿಚಾರಣೆ ಕೇಳಲು ಆಗ ಬಾಯಿ ಬರುತ್ತದೆ.

ಯಾರಾದರೂ ಸಾವಿರಗಟ್ಟಲೆ ಹಣ ಕೇಳಿದರೆ ಮೊದಲು ವಿಚಾರಿಸಿ: ಪ್ರಮಾಣಪತ್ರಕ್ಕೆ ಯಾರ ಮಾನ್ಯತೆ ಇದೆ? ಕೈಯಾರೆ ಮಾಡಿ ಕಲಿಯುವುದು ಎಲ್ಲಿ? ಹಿಂದೆ ಕಲಿತವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ? ಉತ್ತರ ತೊದಲಿದರೆ ಕಟ್ಟಬೇಡಿ. ಸಾಲ ತಂದಂತೂ ಬೇಡವೇ ಬೇಡ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಹಾವೇರಿ ಬಳಿ ದೇವಿಹೊಸೂರಿನಲ್ಲಿ ತೋಟಗಾರಿಕೆ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನ ಕಾಲೇಜಿದೆ. ಅಲ್ಲಿ ಹೋಗಿ ಕೇಳಿದರೆ ಖರ್ಚಾಗುವುದು ಬಸ್ ಚಾರ್ಜು ಮಾತ್ರ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.