ಎಗ್ರಿಮೆಂಟ್ ಮುಗಿದ ಮಾತ್ರಕ್ಕೆ...

ಕಳೆದ ತಿಂಗಳು ಒಬ್ಬ ತಾಯಿ ಮಗನ ಟಿ.ಸಿ. ಕೇಳಿಕೊಂಡು ಶಾಲೆಗೆ ಬಂದರು. ಪರೀಕ್ಷೆಗೆ ಎರಡೇ ತಿಂಗಳಿತ್ತು. "ಈಗ ಯಾಕಮ್ಮಾ?" ಎಂದೆ. "ಹನ್ನೊಂದು ತಿಂಗಳ ಎಗ್ರಿಮೆಂಟ್ ಮುಗಿದಿದೆ ಉಸ್ತಾದ್, ಭಾನುವಾರದೊಳಗೆ ಖಾಲಿ ಮಾಡದಿದ್ದರೆ ಬೀಗ ಹಾಕುತ್ತಾರಂತೆ" ಎಂದು ಕಣ್ಣೀರು ಒರೆಸಿಕೊಂಡರು. ವಿಚಾರಿಸಿದಾಗ ಎಗ್ರಿಮೆಂಟ್ ಮುಗಿದು ಐದು ತಿಂಗಳಾಗಿತ್ತು. ಮನೆಯ ಮಾಲಕರು ಬಾಡಿಗೆ ಪಡೆಯುತ್ತಲೇ ಇದ್ದರು.

ಓದುಗರೇ, ನಿಮ್ಮಲ್ಲಿ ಬಾಡಿಗೆಗೆ ಇರುವವರೂ ಇದ್ದೀರಿ, ಮನೆ ಕೊಟ್ಟವರೂ ಇದ್ದೀರಿ. ಅವಧಿ ಮುಗಿದ ಮೇಲೂ ಮಾಲಕರು ಬಾಡಿಗೆ ಸ್ವೀಕರಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಮಿನಂತೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಅದನ್ನು ಕೊನೆಗೊಳಿಸಲು 106ನೇ ಕಲಮಿನ ಪ್ರಕಾರ ಸಹಿ ಮಾಡಿದ ಲಿಖಿತ ನೋಟೀಸು ಬೇಕು. ಅದು ಕೈಸೇರಿದ ಬಳಿಕ 15 ದಿನಗಳ ಕಾಲಾವಕಾಶವಿದೆ. ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದೇ ಅನ್ವಯ. ಜಗಲಿಯಲ್ಲಿ ನಿಂತು ಹೇಳಿದ ಗಡುವು ನೋಟೀಸಾಗುವುದಿಲ್ಲ. ಹಿಂದೆ ನೋಟೀಸು ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕಿತ್ತು. ಒಂದೆರಡು ದಿನದ ಲೆಕ್ಕ ತಪ್ಪಿ ದಾವೆಗಳು ಬಿದ್ದುಹೋಗುತ್ತಿದ್ದವು. 2002ರ ತಿದ್ದುಪಡಿ ಆ ತೊಡಕನ್ನು ನಿವಾರಿಸಿತು.

ಎಗ್ರಿಮೆಂಟ್ ಮುಗಿದ ಮೇಲೆ ಮಾಲಕರು ಬಾಡಿಗೆಯನ್ನೇ ಪಡೆದಿಲ್ಲವೆನ್ನಿ. ಆಗ ಈ ನೋಟೀಸು ಬೇಕಾಗುವುದಿಲ್ಲ. ಆದರೂ ಒಪ್ಪದವರನ್ನು ಬಿಡಿಸಲು ನ್ಯಾಯಾಲಯಕ್ಕೇ ಹೋಗಬೇಕು. ತಾವೇ ಬೀಗ ಜಡಿಯುವಂತಿಲ್ಲ, ಪಾತ್ರೆ-ಪಗಡಿ ಹೊರಗಿಡುವಂತಿಲ್ಲ. ಹಾಗೆ ಮಾಡಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವ ಕಡಿಮೆ ಬಾಡಿಗೆಯ ಮನೆಗಳಿಗೆ ಇನ್ನೂ ಹೆಚ್ಚಿನ ರಕ್ಷಣೆಯಿದೆ. ಅಲ್ಲಿ ಬಾಡಿಗೆ ಬಾಕಿ, ಮಾಲಕರ ಸ್ವಂತ ಅಗತ್ಯದಂತಹ ಕಾರಣವನ್ನು ನ್ಯಾಯಾಲಯದಲ್ಲಿ ತೋರಿಸಬೇಕು. ಆದರೆ ಆ ಕಾಯ್ದೆಯ ಮಿತಿ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ. ಇಂದು ಅಷ್ಟಕ್ಕೆ ಮನೆ ಎಲ್ಲಿ ಸಿಗುತ್ತದೆ ಹೇಳಿ!

ಇನ್ನು ಬಾಡಿಗೆದಾರರೂ ಸಾಚಾಗಳೇನಲ್ಲ. ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ರಾತ್ರೋರಾತ್ರಿ ಹೋಗುವವರನ್ನೂ ಕಂಡಿದ್ದೇನೆ. 15 ದಿನದ ನೋಟೀಸು ಅವರಿಗೂ ಕಡ್ಡಾಯ. ಜಗಳವಾಯಿತೆಂದು ಬಾಡಿಗೆ ನಿಲ್ಲಿಸಿದರಂತೂ ಮಾಲಕರ ಕೈಗೆ ನಾವೇ ಕಾರಣ ಕೊಟ್ಟಂತೆ. ಕೊಟ್ಟ ಪ್ರತಿ ತಿಂಗಳ ರಸೀದಿಯನ್ನು, ನೋಟೀಸಿನ ಪ್ರತಿಯನ್ನು, ಅಂಚೆಯ ಚೀಟಿಯನ್ನು ಜೋಪಾನವಾಗಿಡಿ. ಅಡ್ವಾನ್ಸ್ ವಾಪಸು ಕೇಳುವಾಗಲೂ ಇವೇ ಬೇಕಾಗುವುದು.

ಆ ತಾಯಿಯ ಬಳಿ ಐದೂ ತಿಂಗಳ ರಸೀದಿಗಳಿದ್ದವು. ಪರಿಚಯದ ವಕೀಲರೊಬ್ಬರು ಅವನ್ನು ಮುಂದಿಟ್ಟು ಮಾಲಕರೊಡನೆ ಮಾತನಾಡಿದರು. ಪರೀಕ್ಷೆ ಮುಗಿದ ಮರುವಾರ ಮನೆ ಬಿಡುವುದೆಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದಾರೆ. ಟಿ.ಸಿ. ಅರ್ಜಿಯನ್ನು ನಾನು ಹಿಂದಕ್ಕೆ ಕೊಟ್ಟೆ.