ಮೊರೆನೊ ಅವರೇ, ನಿಮ್ಮ ಹುಡುಗರನ್ನು ಬೆಳೆಸಿ

ಶ್ರೀ ಆರ್ಟಿ ಮೊರೆನೊ ಅವರಿಗೆ,
ಮಾಲೀಕರು, ಲಾಸ್ ಏಂಜಲೀಸ್ ಏಂಜಲ್ಸ್ ಬೇಸ್‌ಬಾಲ್ ತಂಡ, ಅನಹೈಮ್, ಕ್ಯಾಲಿಫೋರ್ನಿಯ.



2024ರಲ್ಲಿ ನಿಮ್ಮ ತಂಡ 162 ಪಂದ್ಯಗಳಲ್ಲಿ 99 ಸೋತಿತು. 1961ರಲ್ಲಿ ತಂಡ ಹುಟ್ಟಿದಂದಿನಿಂದ ಒಂದೇ ವರ್ಷದಲ್ಲಿ ಇಷ್ಟು ಸೋಲು ಕಂಡಿದ್ದಿಲ್ಲ. ಮರುವರ್ಷ ಮತ್ತೆ 90 ಸೋಲು. 2016ರಿಂದ 2025ರವರೆಗೆ, ಸತತ ಹತ್ತು ವರ್ಷ, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆರೆಂಜ್ ಕೌಂಟಿಯಲ್ಲಿ ನೆಲೆಸಿರುವ ಕನ್ನಡಿಗ ನಾನು. ಕ್ರಿಕೆಟ್ ನೋಡುತ್ತಾ ಬೆಳೆದವನು, ಇಲ್ಲಿಗೆ ಬಂದ ಮೇಲೆ ಮಕ್ಕಳ ಜೊತೆ ಕೂತು ಬೇಸ್‌ಬಾಲ್ ಕಲಿತೆ. ನಿಮ್ಮ ತಂಡದ ಕೆಂಪು ಟೋಪಿ ಇಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿದೆ. ಊಟದ ಹೊತ್ತಿನಲ್ಲಿ ಈ ಸೋಲಿನ ಮಾತು ನಡೆಯುವುದೂ ಕನ್ನಡದಲ್ಲೇ. ಹಾಗಾಗಿ ಪತ್ರವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನೀವು ಜಿಪುಣರಲ್ಲ. ಅದನ್ನು ಮೊದಲೇ ಹೇಳಬೇಕು, ಏಕೆಂದರೆ ನಿಮ್ಮನ್ನು ಬೈಯುವ ಬಹಳಷ್ಟು ಜನ ಹಾಗೆ ತಿಳಿದಿದ್ದಾರೆ. 2003ರಲ್ಲಿ ಡಿಸ್ನಿ ಕಂಪನಿಯಿಂದ ಸುಮಾರು 18 ಕೋಟಿ ಡಾಲರ್‌ಗೆ ತಂಡ ಕೊಂಡಾಗ ಅಮೆರಿಕದ ದೊಡ್ಡ ಲೀಗ್‌ಗಳಲ್ಲಿ ತಂಡವೊಂದರ ಒಡೆತನ ಹಿಡಿದ ಮೊದಲ ಲ್ಯಾಟಿನೋ ನೀವಾದಿರಿ. ಬಂದವರೇ ಕ್ರೀಡಾಂಗಣದಲ್ಲಿ ಬಿಯರ್ ಬೆಲೆ ಇಳಿಸಿದಿರಿ. ವ್ಲಾಡಿಮಿರ್ ಗೆರೆರೊ ಅವರನ್ನು ಕರೆತಂದಿರಿ, ಅವರು ಮೊದಲ ವರ್ಷವೇ ಲೀಗಿನ ಶ್ರೇಷ್ಠ ಆಟಗಾರರಾದರು. 2004ರಿಂದ 2009ರವರೆಗಿನ ಆರು ವರ್ಷಗಳಲ್ಲಿ ಐದು ಬಾರಿ ತಂಡ ತನ್ನ ವಿಭಾಗದಲ್ಲಿ ಮೊದಲು ಬಂತು. ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ಬಂದರು. ಆ ದಿನಗಳ ಸಂತೋಷ ನಿಮ್ಮಿಂದ ಸಿಕ್ಕಿದ್ದು, ಅದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಆ ಗೆಲುವಿನ ಬುನಾದಿ ಹಾಕಿದ್ದು ನಿಮಗಿಂತ ಮುಂಚೆ. ನೀವು ಬರುವ ಹಿಂದಿನ ವರ್ಷ, 2002ರಲ್ಲಿ, ವರ್ಲ್ಡ್ ಸೀರೀಸ್ ಗೆದ್ದ ತಂಡವನ್ನು ನೋಡಿ. ಟಿಮ್ ಸಾಲ್ಮನ್, ಗ್ಯಾರೆಟ್ ಆಂಡರ್ಸನ್, ಡ್ಯಾರಿನ್ ಅರ್ಸ್ಟಾಡ್, ಟ್ರಾಯ್ ಗ್ಲಾಸ್, ಟ್ರಾಯ್ ಪರ್ಸಿವಲ್, ಇವರೆಲ್ಲ ಈ ತಂಡವೇ ಹೊಸ ಆಟಗಾರರನ್ನು ಸರದಿಯಂತೆ ಹಂಚಿಕೊಳ್ಳುವ ಡ್ರಾಫ್ಟ್‌ನಲ್ಲಿ ಆರಿಸಿ, ಕೆಳಗಿನ ಮೈನರ್ ಲೀಗ್‌ಗಳಲ್ಲಿ ವರ್ಷಗಟ್ಟಲೆ ಆಡಿಸಿ, ತಿದ್ದಿ ಮೇಲೆ ತಂದವರು. ಕ್ಯಾಚರ್ ಬೆಂಜಿ ಮೊಲಿನಾ ಪೋರ್ಟೊ ರಿಕೊದ ಹುಡುಗ, ಡ್ರಾಫ್ಟ್‌ನಲ್ಲಿ ಯಾವ ತಂಡಕ್ಕೂ ಬೇಡವಾಗಿದ್ದವನು. ಕೊನೆಯ ಏಳನೇ ಪಂದ್ಯ ಗೆಲ್ಲಿಸಿದ ಪಿಚರ್ ಜಾನ್ ಲ್ಯಾಕಿಗೆ ಅದು ದೊಡ್ಡ ಲೀಗಿನ ಮೊದಲ ವರ್ಷ. ಆ ಗದ್ದೆಯ ಕೊನೆಯ ಫಸಲು ಉಂಡು ಮುಗಿದ ಮೇಲೆ ಮತ್ತೆ ಸಸಿಮಡಿ ಹಾಕುವವರಿರಲಿಲ್ಲ. ನಾಟಿಯ ದಿನ ಬಂದಾಗಲೆಲ್ಲ ಪಕ್ಕದೂರಿನಿಂದ ದುಬಾರಿ ಸಸಿ ಕೊಂಡು ತಂದಿರಿ.

ಆಲ್ಬರ್ಟ್ ಪೂಹೋಲ್ಸ್‌ಗೆ 2011ರ ಡಿಸೆಂಬರಿನಲ್ಲಿ ಹತ್ತು ವರ್ಷಕ್ಕೆ 24 ಕೋಟಿ ಡಾಲರ್. ಮರುವರ್ಷ ಜಾಶ್ ಹ್ಯಾಮಿಲ್ಟನ್‌ಗೆ ಐದು ವರ್ಷಕ್ಕೆ 12.5 ಕೋಟಿ. 2019ರಲ್ಲಿ ಆಂಟನಿ ರೆಂಡನ್‌ಗೆ ಏಳು ವರ್ಷಕ್ಕೆ 24.5 ಕೋಟಿ. ಪೂಹೋಲ್ಸ್ ಮಹಾನ್ ಆಟಗಾರ, ಆದರೆ ಆ ಮಹಾನ್ ವರ್ಷಗಳನ್ನು ಸೇಂಟ್ ಲೂಯಿಸ್‌ನಲ್ಲಿ ಕಳೆದು ಬಂದವರು. ಹ್ಯಾಮಿಲ್ಟನ್ ಎರಡೇ ಸೀಸನ್ ಆಡಿದರು, ಉಳಿದ ವರ್ಷಗಳ ಸಂಬಳದ ಬಹುಪಾಲನ್ನು ನೀವೇ ಕೊಟ್ಟು ಟೆಕ್ಸಾಸ್‌ಗೆ ಕಳಿಸಿದಿರಿ. ಗಾಯಗಳಿಂದ ನರಳಿದ ರೆಂಡನ್ ಯಾವ ವರ್ಷವೂ 60 ಪಂದ್ಯ ಮುಟ್ಟಲಿಲ್ಲ. ಗಾಯಕ್ಕೆ ಅವರನ್ನು ದೂರುವುದು ತಪ್ಪು. ಮೂವತ್ತು ತಲುಪಿದ ಮೈಗೆ ಅಷ್ಟು ವರ್ಷದ ಕರಾರು ಬರೆಯುವುದು ಮಾಲೀಕರ ನಿರ್ಧಾರ.

ಇದರಲ್ಲಿ ಹೋದದ್ದು ದುಡ್ಡು ಮಾತ್ರವಲ್ಲ. ಬೇರೆ ತಂಡದ ದೊಡ್ಡ ತಾರೆಯನ್ನು ಹೀಗೆ ಕೊಂಡರೆ ಡ್ರಾಫ್ಟ್‌ನಲ್ಲಿ ನಿಮ್ಮ ಮೊದಲ ಸರದಿಗಳನ್ನು ಬಿಟ್ಟುಕೊಡಬೇಕಿತ್ತು. ಪೂಹೋಲ್ಸ್ ಜೊತೆಗೆ ಸಿ. ಜೆ. ವಿಲ್ಸನ್ ಅವರನ್ನೂ ಕೊಂಡ ಕಾರಣ 2012ರ ಡ್ರಾಫ್ಟ್‌ನಲ್ಲಿ ಏಂಜಲ್ಸ್ ಮೊದಲ ಹೆಸರು ಕೂಗಿದ್ದು 114ನೇ ಸರದಿಯಲ್ಲಿ. ದೇಶದ ಅತ್ಯುತ್ತಮ 113 ಹುಡುಗರು ಬೇರೆಯವರ ಪಾಲಾಗಿದ್ದರು. ಹ್ಯಾಮಿಲ್ಟನ್ ಬಂದ ನಂತರ, 2013ರಲ್ಲಿ, ಮೊದಲ ಸರದಿ 59ನೆಯದು. ನನ್ನನ್ನು ಇನ್ನೂ ಹೆಚ್ಚು ನೋಯಿಸುವುದು 2019ರ ಡಿಸೆಂಬರ್. ಆ ವರ್ಷದ ಮೊದಲ ಸುತ್ತಿನಲ್ಲಿ ಆರಿಸಿದ ವಿಲ್ ವಿಲ್ಸನ್ ಎಂಬ ಹುಡುಗ ತಂಡ ಸೇರಿ ಆರು ತಿಂಗಳಾಗಿತ್ತು. ಝಾಕ್ ಕೊಝಾರ್ಟ್ ಎಂಬ ಆಟಗಾರರ ಸಂಬಳದ ಹೊರೆ ಸ್ಯಾನ್ ಫ್ರಾನ್ಸಿಸ್ಕೊ ತಂಡ ಹೊರಲೆಂದು ಈ ಹುಡುಗನನ್ನೂ ಜೊತೆಗೆ ಕೊಟ್ಟಿರಿ. ಅದೇ ವಾರ ರೆಂಡನ್ ಬಂದರು.

ಮೈಕ್ ಟ್ರೌಟ್ ನಿಮ್ಮವರಾದದ್ದು ಹೇಗೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಮಾರ್ಕ್ ಟೆಕ್ಸೇರಾ ಎಂಬ ತಾರೆಯನ್ನು ನ್ಯೂಯಾರ್ಕ್ ಯಾಂಕೀಸ್ ಕೊಂಡೊಯ್ದಾಗ ಪರಿಹಾರವಾಗಿ ಸಿಕ್ಕ ಸರದಿ ಅದು, 2009ರ ಡ್ರಾಫ್ಟ್‌ನಲ್ಲಿ 25ನೆಯದು. ನ್ಯೂಜೆರ್ಸಿಯ ಮಿಲ್‌ವಿಲ್ ಎಂಬ ಪುಟ್ಟ ಊರಿನ 17ರ ಹುಡುಗನ ಮೇಲೆ, ಪ್ರತಿಭೆ ಹುಡುಕುವ ನಿಮ್ಮ ಸ್ಕೌಟ್‌ಗಳು ನಂಬಿಕೆ ಇಟ್ಟರು. ತಾರೆಯೊಬ್ಬರು ಹೋದ ಜಾಗಕ್ಕೆ ಈ ಪೀಳಿಗೆಯ ಅತಿ ಶ್ರೇಷ್ಠ ಆಟಗಾರ ಬಂದ. ಆ ಆಯ್ಕೆಯ ಹೊಣೆ ಹೊತ್ತಿದ್ದ ಎಡ್ಡಿ ಬೇನ್ ಅವರನ್ನು ಮರುವರ್ಷವೇ ಕೆಲಸದಿಂದ ತೆಗೆಯಲಾಯಿತು. ಹುಡುಗರನ್ನು ಗುರುತಿಸುವವರಿಗೆ ನಿಮ್ಮಲ್ಲಿ ಎಷ್ಟು ಬೆಲೆ ಎಂಬುದು ಅಂದೇ ಗೊತ್ತಾಗಿತ್ತು.

ಹುಡುಗರನ್ನು ಬೆಳೆಸುವುದೆಂದರೆ ಏನೆಂದು ನಾನು ಅರ್ಥ ಮಾಡಿಕೊಂಡದ್ದು ಸ್ಯಾನ್ ಬರ್ನಾರ್ಡಿನೊದಲ್ಲಿ. ನಿಮ್ಮ ಕೆಳಹಂತದ ತಂಡ ಇನ್‌ಲ್ಯಾಂಡ್ ಎಂಪೈರ್ 66ರ್ಸ್ ಅಲ್ಲಿ ಆಡುತ್ತಿದ್ದಾಗ ಪಂದ್ಯಕ್ಕೆ ಮುಂಚೆಯೇ ಹೋಗಿ ಬೇಲಿ ಪಕ್ಕ ನಿಲ್ಲುವುದು ನನಗೆ ಇಷ್ಟವಾಗಿತ್ತು. ಒಂದು ದಿನ ಬಿರುಬಿಸಿಲು, ಗ್ಯಾಲರಿ ಖಾಲಿ. ಹತ್ತೊಂಬತ್ತು ದಾಟಿರದ ಕ್ಯಾಚರ್ ಮಂಡಿಯೂರಿ ಕೂತಿದ್ದ. ಕೋಚ್ ನಾಲ್ಕು ಮಾರು ದೂರದಿಂದ ಚೆಂಡನ್ನು ಅವನ ಮುಂದೆ ನೆಲಕ್ಕೆ ಬಡಿಯುವ ಹಾಗೆ ಎಸೆಯುತ್ತಿದ್ದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬರೀ ಎದೆಯಿಂದ ಚೆಂಡು ತಡೆಯಬೇಕು. ತಡೆದ ಚೆಂಡು ಮುಂದಕ್ಕೆ ಬೀಳಬೇಕು, ಪಕ್ಕಕ್ಕೆ ಚಿಮ್ಮಬಾರದು. ಚಿಮ್ಮಿದಾಗಲೆಲ್ಲ ಕೋಚ್ ಎದ್ದು ಬಂದು ಅವನ ಭುಜ ಹಿಡಿದು ಒಂದಿಷ್ಟು ಮುಂದಕ್ಕೆ ಬಾಗಿಸಿ, ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿ ಮತ್ತೆ ಹಿಂದೆ ಹೋಗಿ ಕೂರುತ್ತಿದ್ದರು. ಬುಟ್ಟಿ ಖಾಲಿಯಾದರೆ ಇಬ್ಬರೂ ಸೇರಿ ಆಯ್ದು ತುಂಬಿ ಮತ್ತೆ ಮೊದಲಿನಿಂದ ಶುರು. ಇಂಥ ಕೋಚ್ ಇನ್ನೊಬ್ಬರು ಬೇಕು, ಪಿಚರ್‌ನ ಬೆರಳ ಚಲನೆ ಹಿಡಿಯುವ ಹೈಸ್ಪೀಡ್ ಕ್ಯಾಮೆರಾ ಬೇಕು, ರಾತ್ರಿ ಹೊಟ್ಟೆತುಂಬ ಒಳ್ಳೆಯ ಊಟ ಬೇಕು, ಮಲಗಲು ಮಂಚ ಬೇಕು.

ಮಂಚದ ಮಾತು ಸುಮ್ಮನೆ ಎತ್ತಿದ್ದಲ್ಲ. 2021ರಲ್ಲಿ ಅಲಬಾಮಾದಲ್ಲಿರುವ ನಿಮ್ಮ ಮೈನರ್ ಲೀಗ್ ತಂಡ ರಾಕೆಟ್ ಸಿಟಿಯ ಪಿಚರ್ ಒಬ್ಬರು ಧೈರ್ಯ ಮಾಡಿ ತಮ್ಮ ಬದುಕನ್ನು ಪತ್ರಕರ್ತರ ಮುಂದಿಟ್ಟರು. ಒಂದೇ ಅಪಾರ್ಟ್‌ಮೆಂಟಿನಲ್ಲಿ ತುಂಬಿಕೊಂಡ ಆಟಗಾರರು ಹಾಲ್‌ನಲ್ಲಿ, ಅಡುಗೆಮನೆಯಲ್ಲಿ ಮಲಗುತ್ತಿದ್ದರು. ಆಗ ಆ ತಂಡ ಆಡುವ ಹಂತದ ಕನಿಷ್ಠ ಸಂಬಳ ವರ್ಷಕ್ಕೆ 13,800 ಡಾಲರ್ ಆಸುಪಾಸು. ಆಗ ಒಂದು ತಂಡ ಇಟ್ಟುಕೊಳ್ಳಬಹುದಾಗಿದ್ದ ಕಿರಿಯ ಆಟಗಾರರು ಸುಮಾರು 180. ಅಷ್ಟೂ ಜನಕ್ಕೆ ಆ ಸಂಬಳ ಕೊಟ್ಟರೆ ವರ್ಷಕ್ಕೆ ಆಗುತ್ತಿದ್ದುದು ಸುಮಾರು 25 ಲಕ್ಷ ಡಾಲರ್. ರೆಂಡನ್ ಒಬ್ಬರ ಒಂದು ವರ್ಷದ ಸರಾಸರಿ ಸಂಬಳ 3.5 ಕೋಟಿ ಡಾಲರ್, ಅಂದರೆ ಅದರ ಹದಿನಾಲ್ಕು ಪಟ್ಟು. ಆ ಹುಡುಗರ ಸಂಬಳವನ್ನು ಎರಡು ಪಟ್ಟು ಮಾಡಲು ನಿಮ್ಮ ಒಂದು ಸಹಿ ಸಾಕಾಗಿತ್ತು. ಕೊನೆಗೆ ಆದದ್ದೇನು? ಮೈನರ್ ಲೀಗ್ ಆಟಗಾರರು 2022ರಲ್ಲಿ ಸಂಘ ಕಟ್ಟಿದರು, 2023ರ ಒಪ್ಪಂದದಲ್ಲಿ ಅದೇ ಹಂತದ ಸಂಬಳ 30,250 ಡಾಲರ್‌ಗೆ ಏರಿತು. ಹೋರಾಡಿ ಪಡೆದದ್ದನ್ನು ನೀವು ಮೊದಲೇ ಮನಸಾರೆ ಕೊಟ್ಟಿದ್ದರೆ, ದೇಶದ ಒಳ್ಳೊಳ್ಳೆಯ ಹುಡುಗರೆಲ್ಲ ಏಂಜಲ್ಸ್ ಸೇರಲು ಹಂಬಲಿಸುತ್ತಿದ್ದರು.

ಕೊರೊನಾ ಕಾಲದಲ್ಲಿ, 2020ರ ಡ್ರಾಫ್ಟ್ ಹೊತ್ತಿಗೇ, ನಿಮ್ಮ ಸ್ಕೌಟ್‌ಗಳನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಿದಿರಿ. ಊರೂರು ಸುತ್ತಿ, ಶಾಲೆಯ ಮೈದಾನಗಳಲ್ಲಿ ಬಿಸಿಲಿಗೆ ಕೂತು ನೋಡುವ ಜನ ಅವರು. ಅವರ ಸಂಬಳದಿಂದ ಉಳಿದ ದುಡ್ಡು ನಿಮ್ಮ ಲೆಕ್ಕದಲ್ಲಿ ಯಾವ ಮೂಲೆಗೆ?

ಬೆಳೆಸಿದವರೇ ಕಡಿಮೆಯಾದಾಗ ಇದ್ದವರನ್ನು ಹಣ್ಣಾಗುವ ಮುಂಚೆಯೇ ಮೇಲಕ್ಕೆ ಎಳೆಯಬೇಕಾಗುತ್ತದೆ. 2023ರ ಜುಲೈನಲ್ಲಿ ಕಾಲೇಜಿನಿಂದ ಆರಿಸಿದ ನೋಲನ್ ಶಾನುಯೆಲ್ 40 ದಿನಗಳಲ್ಲಿ ದೊಡ್ಡ ಲೀಗಿನಲ್ಲಿ ಆಡುತ್ತಿದ್ದರು. ಅವರು ತಡೆದುಕೊಂಡರು, ಅದು ಅವರ ಗಟ್ಟಿತನ. ಎಲ್ಲರಿಗೂ ಹಾಗಾಗುವುದಿಲ್ಲ. ಜೋ ಅಡೆಲ್ 21ರ ವಯಸ್ಸಿನಲ್ಲಿ, 2020ರಲ್ಲಿ, ಬಂದು ತಡವರಿಸಿದರು. ಆಮೇಲೆ ವರ್ಷಗಟ್ಟಲೆ ಅನಹೈಮ್‌ಗೂ ಕೆಳಹಂತದ ತಂಡವಿದ್ದ ಸಾಲ್ಟ್ ಲೇಕ್‌ಗೂ ಓಡಾಟ. ಎಷ್ಟೋ ಜನ ಅವರ ಕಥೆ ಮುಗಿಯಿತೆಂದರು. 2025ರಲ್ಲಿ ಅದೇ ಅಡೆಲ್ 37 ಹೋಮ್ ರನ್ ಹೊಡೆದರು. ಆ ಐದು ವರ್ಷಗಳ ಅವಮಾನವನ್ನು ಅವರು ಪಡಬೇಕಿರಲಿಲ್ಲ. ಕೆಳಹಂತದಲ್ಲಿ ಇನ್ನೊಂದೆರಡು ವರ್ಷ ತಾಳ್ಮೆಯಿಂದ ಕಲಿಸಿದ್ದರೆ ಸಾಕಿತ್ತೆಂದು ನನ್ನ ನಂಬಿಕೆ.

ಶೋಹೆ ಓಹ್ತಾನಿಯ ವಿಷಯ ಬರೆಯುವಾಗ ಕೈ ಭಾರವಾಗುತ್ತದೆ. ಪಿಚಿಂಗ್, ಬ್ಯಾಟಿಂಗ್ ಎರಡರಲ್ಲೂ ಶಿಖರದಲ್ಲಿದ್ದ ಮನುಷ್ಯ ಆರು ವರ್ಷ ನಿಮ್ಮಲ್ಲಿದ್ದರು. ಜೊತೆಗೆ ಟ್ರೌಟ್. ಒಂದು ವರ್ಷವೂ ತಂಡ ಸೋಲಿಗಿಂತ ಹೆಚ್ಚು ಗೆಲುವು ಕಾಣಲಿಲ್ಲ. ಇಬ್ಬರು ಎಂಥವರಾದರೂ ಉಳಿದ ಇಪ್ಪತ್ತನಾಲ್ಕು ಜನ ಎಲ್ಲಿಂದಲಾದರೂ ಬರಬೇಕಲ್ಲ! 2023ರ ಜುಲೈ ಕೊನೆಗೆ ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಸ್ ಎಂಬ ಪಿಚರ್‌ಗಳಿಗಾಗಿ ಎಡ್ಗರ್ ಕ್ವೇರೊ ಎಂಬ ಕ್ಯೂಬಾದ ಎಳೆಯ ಕ್ಯಾಚರನ್ನು, ಕೈ ಬುಷ್ ಎಂಬ ಪಿಚರನ್ನು ಶಿಕಾಗೊಗೆ ಕೊಟ್ಟಿರಿ. ಆಗಸ್ಟ್ ಮುಗಿಯುವಷ್ಟರಲ್ಲಿ, ತಂಡದ ಒಟ್ಟು ಸಂಬಳ ತೆರಿಗೆ ಮಿತಿಯೊಳಗೆ ಬರಲೆಂದು, ಹಾಗೆ ತಂದ ಜಿಯೊಲಿಟೊ, ಲೋಪೆಸ್ ಇಬ್ಬರನ್ನೂ ಬೇಕಾದವರು ಕರೆದುಕೊಂಡು ಹೋಗಲಿ ಎಂದು ಬಿಟ್ಟಿರಿ. ಕ್ವೇರೊ 2025ರಿಂದ ಶಿಕಾಗೊ ಪರ ದೊಡ್ಡ ಲೀಗಿನಲ್ಲಿ ಆಡುತ್ತಿದ್ದಾರೆ. ಓಹ್ತಾನಿ ಪಕ್ಕದ ಡಾಡ್ಜರ್ಸ್ ಸೇರಿ ಮೊದಲ ಎರಡೂ ವರ್ಷ ವರ್ಲ್ಡ್ ಸೀರೀಸ್ ಗೆದ್ದರು. ಡಾಡ್ಜರ್ಸ್ ಅವರಿಗೆ 70 ಕೋಟಿ ಡಾಲರ್ ಕರಾರು ಬರೆದುಕೊಟ್ಟದ್ದು ಎಲ್ಲರಿಗೂ ಗೊತ್ತು. ಅದೇ ಡಾಡ್ಜರ್ಸ್ 1987ರಿಂದ ಡೊಮಿನಿಕನ್ ಗಣರಾಜ್ಯದಲ್ಲಿ ಹದಿಹರೆಯದ ಹುಡುಗರಿಗಾಗಿ ತರಬೇತಿ ಶಾಲೆ ನಡೆಸುತ್ತಿದ್ದಾರೆ. ಅದರ ಸುದ್ದಿ ಯಾರೂ ದೊಡ್ಡದು ಮಾಡುವುದಿಲ್ಲ.

ಕ್ರಿಕೆಟ್‌ನಿಂದ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಬೆಂಗಳೂರಿನವರೇ ಆದ ರಾಹುಲ್ ದ್ರಾವಿಡ್ ಆಟದಿಂದ ನಿವೃತ್ತರಾದ ಮೇಲೆ 2015ರಲ್ಲಿ ಹಿಡಿದದ್ದು ಅಂಡರ್-19 ಹುಡುಗರ ಮತ್ತು ಭಾರತ ‘ಎ’ ತಂಡದ ಹೊಣೆ. ಹಿರಿಯರ ತಂಡ ಅವರ ಕೈಗೆ ಬಂದದ್ದು ಎಷ್ಟೋ ವರ್ಷಗಳ ನಂತರ. ಅಷ್ಟು ದೊಡ್ಡ ಆಟಗಾರ ಎಳೆಯರ ಜೊತೆ ಕೂತು ಕಲಿಸಿದ್ದರಿಂದ ಆ ಕೆಲಸಕ್ಕೇ ಗೌರವ ಬಂತು. ನಿಮ್ಮ ತಂಡದಲ್ಲಿ ಆ ಗೌರವ ಮಾಲೀಕರ ಕೋಣೆಯಿಂದ ಶುರುವಾಗಬೇಕು.

ಮೈನರ್ ಲೀಗ್ ನಿಮಗೆ ಹೊಸದಲ್ಲ. 1986ರಲ್ಲಿ ನೀವು ಬೇಸ್‌ಬಾಲ್‌ಗೆ ಕಾಲಿಟ್ಟದ್ದೇ ಸಾಲ್ಟ್ ಲೇಕ್ ಟ್ರ್ಯಾಪರ್ಸ್ ಎಂಬ ಚಿಕ್ಕ ತಂಡದ ಪಾಲುದಾರರಾಗಿ. ಬೇರೆಯವರು ಬೇಡವೆಂದ ಹುಡುಗರನ್ನೇ ಕಟ್ಟಿಕೊಂಡು ಆ ತಂಡ 1987ರಲ್ಲಿ ಸತತ 29 ಪಂದ್ಯ ಗೆದ್ದು ವೃತ್ತಿಪರ ಬೇಸ್‌ಬಾಲ್‌ನ ದಾಖಲೆ ಬರೆಯಿತು. ಟೂಸಾನ್‌ನ ಹನ್ನೊಂದು ಮಕ್ಕಳ ಮನೆಯಲ್ಲಿ ಹಿರಿಯ ಮಗನಾಗಿ ಬೆಳೆದ ನಿಮಗೆ, ಅವಕಾಶಕ್ಕೆ ಕಾಯುವ ಹುಡುಗನ ಮನಸ್ಸು ನಾನು ಹೇಳಿ ಗೊತ್ತಾಗಬೇಕಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಮುಂದಿನ ಸಲ ದೊಡ್ಡ ಹೆಸರಿನ ಕರಾರು ಮೇಜಿನ ಮೇಲೆ ಬಂದಾಗ ಅದರ ಒಂದು ವರ್ಷದ ಮೊತ್ತವನ್ನು ಕೋಚ್‌ಗಳಿಗೆ, ಸ್ಕೌಟ್‌ಗಳಿಗೆ, ಲ್ಯಾಟಿನ್ ಅಮೆರಿಕದ ತರಬೇತಿ ಶಾಲೆಗೆ, ಹುಡುಗರ ಊಟ ವಸತಿಗೆ ತೆಗೆದಿಡಿ. ಅದನ್ನು ನೋಡಿಕೊಳ್ಳುವವರಿಗೆ ಐದಾರು ವರ್ಷ ಕಾಲಾವಕಾಶ ಕೊಡಿ, ನಡುವೆ ಕೈ ಹಾಕಬೇಡಿ. ಜುಲೈ ಬಂದಾಗ ಒಂದೆರಡು ಗೆಲುವಿನ ಆಸೆಗೆ ಹುಡುಗರನ್ನು ಮಾರಬೇಡಿ. ಟ್ರೌಟ್ ಜೊತೆಗಿನ ಒಪ್ಪಂದ 2030ರವರೆಗೆ ಇದೆ. ಇಷ್ಟು ವರ್ಷಗಳಲ್ಲಿ ಅವರು ಆಡಿದ್ದು ಮೂರೇ ಪ್ಲೇಆಫ್ ಪಂದ್ಯ, ಮೂರೂ 2014ರಲ್ಲಿ. ಇಂದು ನೀವು ಸೇರಿಸಿಕೊಳ್ಳುವ ಹುಡುಗರು ಆ ಒಪ್ಪಂದ ಮುಗಿಯುವ ಹೊತ್ತಿಗೆ ಸಿದ್ಧರಾಗಬೇಕಾದರೆ ಅವರಿಗೆ ಕಲಿಸುವವರನ್ನು ಈ ವರ್ಷವೇ ನೇಮಿಸಬೇಕು.

ನಿಮ್ಮ ತಂಡದ ಅಭಿಮಾನಿ,
ಆರೆಂಜ್ ಕೌಂಟಿಯ ಒಬ್ಬ ಕನ್ನಡಿಗ