ಮುಗಿಯಿತೋ, ಮುಗಿಸಿದರೋ?

‘ಹಾಲು ಮುಗಿದಿದೆ’ ಎಂದು ಮನೆಯವರು ಅಡುಗೆಮನೆಯತ್ತ ಕೂಗಿ ಹೇಳುತ್ತಾರಲ್ಲ, ಆಗ ಕುಡಿದವರು ಯಾರೆಂಬ ಪ್ರಶ್ನೆ ಏಳುವುದೇ ಇಲ್ಲ. ‘ಮುಗಿಸಿದೆ’ ಎಂದರೆ ಮಾಡಿದವರು ಸಿಕ್ಕಿಬೀಳುತ್ತಾರೆ. ‘ಮುಗಿದಿದೆ’ ಎಂದರೆ ಎಲ್ಲರೂ ಪಾರು. ಈ ಜಾಣತನ ನಮ್ಮವರಿಗೆ ಮಾತ್ರ ಗೊತ್ತೆಂದುಕೊಳ್ಳಬೇಡಿ. ಇಟಲಿಯವರ ‘ಫಿನೀರೆ’ ಎಂಬ ಕ್ರಿಯಾಪದವೂ ಇದೇ ಆಟ ಆಡುತ್ತದೆ. ‘ಓ ಫಿನೀತೊ’ ಎಂದರೆ ನಾನು ಮುಗಿಸಿದೆ. ‘ಇಲ್ ಪಾನೆ ಎ ಫಿನೀತೊ’ ಎಂದರೆ ಬ್ರೆಡ್ಡು ಮುಗಿಯಿತು. ಜೊತೆಗಿರುವ ಸಹಾಯಕ ಕ್ರಿಯಾಪದ ಬದಲಾದರೆ ಸಾಕು, ತಿಂದವರು ಮಾಯ!

ಇಟಲಿಗೆ ಸೇರಿದ ಸಾರ್ಡೀನಿಯಾ ದ್ವೀಪದ ವಾಯವ್ಯ ಮೂಲೆಯಲ್ಲಿ ಸಸ್ಸಾರಿ ಎಂಬ ಊರಿದೆ. ಅಲ್ಲಿಯೂ ಪೋರ್ತೊ ತೋರ್ರೆಸ್, ಸೋರ್ಸೊ ಮುಂತಾದ ನೆರೆಯೂರುಗಳಲ್ಲೂ ಆಡುವ ನುಡಿ ಸಸ್ಸಾರೀಸ್. ಅದರಲ್ಲಿ ಇದೇ ಕ್ರಿಯಾಪದ ‘ಫಿನೀ’. ಬಾಲ ಕತ್ತರಿಸಿದ ಇಟಾಲಿಯನ್ ಎಂದು ಮೂಗು ಮುರಿಯುವವರು ಒಂದು ಮಾತು ತಿಳಿಯಲಿ: ಎರಡೂ ಲ್ಯಾಟಿನ್ನಿನ ಒಂದೇ ಪದದ ಮಕ್ಕಳು. ಅಕ್ಕ ಅರಮನೆಗೆ ಸೊಸೆಯಾಗಿ ಹೋದಳೆಂದು ತವರಲ್ಲಿ ಉಳಿದ ತಂಗಿ ಕೀಳಾದಳೇ?

ಈಗ ಆ ನುಡಿ ಅಳಿವಿನ ಅಪಾಯದಲ್ಲಿದೆ ಎಂದು ಯುನೆಸ್ಕೊ ಪಟ್ಟಿ ಮಾಡಿದೆ. ಇಂಥ ಸುದ್ದಿ ಬಂದಾಗೆಲ್ಲ ‘ತಾಯಂದಿರೇ ಮಕ್ಕಳೊಡನೆ ಮಾತಾಡುವುದಿಲ್ಲ’ ಎಂಬ ದೂರು ಹಿಂದೆಯೇ ಬರುತ್ತದೆ. ನೋಡಿ, ಕೊನೆಗೆ ತಪ್ಪು ಅಮ್ಮನ ತಲೆಗೇ! ಶಾಲೆಯಲ್ಲಿ ಇಟಾಲಿಯನ್, ಕಚೇರಿಯಲ್ಲಿ ಇಟಾಲಿಯನ್, ಟೀವಿಯಲ್ಲೂ ಅದೇ. 1997ರಲ್ಲಿ ಸಾರ್ಡೀನಿಯಾ ಪ್ರಾಂತ್ಯ ಮಾಡಿದ ಕಾನೂನು ಸಸ್ಸಾರೀಸಿಗೆ ಜಾಗ ಕೊಟ್ಟಿತೇನೋ ನಿಜ, ಆದರೆ ಕರೆದದ್ದು ‘ಉಪಭಾಷೆ’ ಎಂದು. 1999ರಲ್ಲಿ ರೋಮಿನ ಸಂಸತ್ತು ಅಲ್ಪಸಂಖ್ಯಾತ ಭಾಷೆಗಳ ರಕ್ಷಣೆಗೆಂದು 482ನೇ ಕಾನೂನು ತಂದಿತು. ಅದರಲ್ಲಿ ಸಾರ್ಡೀನಿಯನ್ನಿಗೆ ಹೆಸರುಂಟು, ಸಸ್ಸಾರೀಸಿಗಿಲ್ಲ.

ಹೊಸ್ತಿಲಾಚೆ ಬೆಲೆಯಿಲ್ಲದ ಮಾತನ್ನು ಮಗುವಿಗೆ ಕಲಿಸಲು ತಾಯಿ ಹಿಂಜರಿದರೆ ಅವಳನ್ನು ದೂರುವುದು ಯಾವ ನ್ಯಾಯ? ಬೆಲೆ ಕಳೆದವರು ಮೊದಲು ಉತ್ತರ ಹೇಳಲಿ. ಬ್ರೆಡ್ಡು ತಾನಾಗಿ ಮುಗಿಯುವುದಿಲ್ಲ, ಭಾಷೆಯೂ ಅಷ್ಟೆ. ಮುಗಿಸುವವರು ಇರುತ್ತಾರೆ, ‘ಮುಗಿಯಿತು’ ಎಂಬ ಪದದ ಹಿಂದೆ ಅಡಗಿ ಕೂತಿರುತ್ತಾರೆ.

ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ‘ನಾನು ಮುಗಿಸುತ್ತೇನೆ’ ಎನ್ನಲು ಇಟಾಲಿಯನ್ನರು ‘ಫಿನೀಸ್ಕೊ’ ಎನ್ನುತ್ತಾರೆ. ನಡುವೆ ತೂರಿಕೊಂಡಿರುವ ಆ ‘ಈಸ್ಕ್’, ಲ್ಯಾಟಿನ್ನಿನಲ್ಲಿ ಕೆಲಸ ಶುರುವಾಗುವುದನ್ನು ಸೂಚಿಸುತ್ತಿದ್ದ ಪ್ರತ್ಯಯದ ಉಳಿಕೆ. ಮುಗಿಸುವ ಮಾತಿನ ಹೊಟ್ಟೆಯಲ್ಲೇ ಆರಂಭ ಕೂತಿದೆ! ಸಸ್ಸಾರೀಸ್ ಮುಗಿಯಿತೆಂದು ಷರಾ ಬರೆಯುವ ದೊಡ್ಡವರು ಅಮ್ಮಂದಿರಿಗೆ ಬುದ್ಧಿ ಹೇಳುವುದನ್ನು ನಿಲ್ಲಿಸಲಿ. ಶಾಲೆಯಲ್ಲಿ ‘ಫಿನೀರೆ’ಯ ಪಕ್ಕದಲ್ಲೇ ‘ಫಿನೀ’ಗೂ ಒಂದು ಮಣೆ ಹಾಕಲಿ.